ಖರೇ ಏನ್ರಿ ಸರ್?

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ನೇ ತಾರೀಖು. ನಾನೂ ಅವತ್ತಿನವನೇ, ನನ್ನ ಹೆಂಡತಿಯೂ ಅವತ್ತಿನವಳೇ, ನಮ್ಮ ಮದುವೆಗೆ ಮುಹೂರ್ತ ತೆಗೆದ ಸ್ವಾಮಿಗಳೂ ಅವತ್ತಿನವರೇ. ಇದರಲ್ಲಿ ಗ್ರಹಗತಿಯ ಕೈವಾಡವೇನಿಲ್ಲ. ಶಾಲೆಗೆ ಹೆಸರು ಹಚ್ಚುವ ದಿನ ಹೆಡ್‌ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ತುಂಬಿತು ಎಂದು ಲೆಕ್ಕ. ಹಾಗೆ ಕಿವಿ ಮುಟ್ಟಿದವರೆಲ್ಲ ಆರು ವರ್ಷದ ಹಿಂದಿನ ಜೂನ್ 1ಕ್ಕೆ ಸಾಮೂಹಿಕವಾಗಿ ಹುಟ್ಟಿಬಿಡುತ್ತಿದ್ದರು. ಅವ್ವನ ಹತ್ತಿರ ಬೇರೆಯೇ ಪುರಾವೆಗಳಿದ್ದವು: ಎಮ್ಮೆ ಈದಿತ್ತು, ಬಿಳಿಜೋಳ ಹಾಲುಗಾಳಿಗೆ ಬಂದಿತ್ತು, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ ಇನ್ನೂ ಆಗಿರಲಿಲ್ಲ. ಆ ಪ್ರಕಾರ ನಾನು ಡಿಸೆಂಬರಿನವನು. ಸರ್ಕಾರ ನನ್ನನ್ನು ಹೆತ್ತವಳನ್ನು ಬಿಟ್ಟು ನನ್ನ ಕಿವಿಯನ್ನು ನಂಬಿತು; ಮೇ 31ಕ್ಕೆ ಹಾರ ಹಾಕಿ ನಿವೃತ್ತಿ ಮಾಡಿಸಿತು. ಜ್ಞಾನದ ಮೂಲ ಯಾವುದು ಎಂಬ ಚರ್ಚೆ ಹೊಟ್ಟೆ ತುಂಬಿದವರ ಕಾಲಹರಣ ಎನ್ನುವವರು ದಯವಿಟ್ಟು ನನ್ನ ಆರು ತಿಂಗಳ ಸಂಬಳದ ಲೆಕ್ಕ ಕೊಡಬೇಕು.

ನೌಕರಿ ಪೂರ್ತಿ ನಾನು ಮಾಡಿದ್ದು ಇದೇ ಚರ್ಚೆ. ಹುಮನಾಬಾದಿನ ಒಂದು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕ. ಆ ವಿಷಯ ತೆಗೆದುಕೊಳ್ಳುವ ಹುಡುಗರಿಗೆ ಸತ್ಯದ ಹಸಿವೇನೂ ಇರಲಿಲ್ಲ. ‘ಸ್ಕೋರಿಂಗ್ ಸಬ್ಜೆಕ್ಟ್’ ಎಂದು ಯಾರೋ ಹೇಳಿದ್ದನ್ನು ನಂಬಿ ಬಂದವರು. ಸಾಕ್ರಟೀಸನನ್ನು ಪ್ರತಿ ವರ್ಷ ಜುಲೈನಲ್ಲಿ ನಾನು ಸಾಯಿಸುತ್ತಿದ್ದೆ, ಅವರು ಮಾರ್ಚಿನಲ್ಲಿ ಉತ್ತರಪತ್ರಿಕೆಯಲ್ಲಿ ಮತ್ತೊಮ್ಮೆ ಸಾಯಿಸುತ್ತಿದ್ದರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂಬ ನೈಯಾಯಿಕರ ಉದಾಹರಣೆಗೆ ನಮ್ಮ ಸಪಾಟು ಬಯಲಿನಲ್ಲಿ ಬೆಟ್ಟವನ್ನು ಎಲ್ಲಿಂದ ತರುವುದು? ಊರ ಹೊರಗಿನ ಕೈಗಾರಿಕಾ ಪ್ರದೇಶದ ಚಿಮಣಿಯನ್ನೇ ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಎದ್ದ. “ಸರ್, ಹೊಗಿ ದಿನಾ ಕಾಣ್ತದ. ಬೆಂಕಿ ನೋಡ್ಲಿಕ್ಕ ವಾಚ್‌ಮನ್ ಒಳಗ ಬಿಡಂಗಿಲ್ಲ. ಬೆಂಕಿ ಅದ ಅಂಬೋದು ಖರೇ ಏನ್ರಿ ಸರ್?”

ಅವನು ಎಲ್ಲದಕ್ಕೂ ಹಾಗೇ ಕೇಳುವವನು. ಹಾಜರಿ ಕರೆದು ‘ನೀನು ನಿನ್ನೆ ಬಂದಿಲ್ಲ’ ಎಂದರೂ ‘ಖರೇ ಏನ್ರಿ ಸರ್?’ ಎನ್ನುತ್ತಿದ್ದ. ಸಹೋದ್ಯೋಗಿಗಳು ಅವನನ್ನು ಉಡಾಳನೆಂದರು. ನನಗೆ ಮಾತ್ರ ಇಡೀ ಕ್ಲಾಸಿನಲ್ಲಿ ಸಿಲೆಬಸ್ ಅರ್ಥವಾದವನು ಅವನೊಬ್ಬನೇ ಎಂದು ಗುಮಾನಿ ಇತ್ತು.

ಅವನಿಗೆಂದೇ ಬರ್ಟ್ರಂಡ್ ರಸೆಲ್‌ನ ಕೋಳಿಯನ್ನು ಕ್ಲಾಸಿಗೆ ತಂದೆ. 1912ರಲ್ಲಿ ಬಂದ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ ಎಂಬ ತೆಳ್ಳಗಿನ ಪುಸ್ತಕದಲ್ಲಿ ಆ ಕೋಳಿ ಬರುತ್ತದೆ. ದಿನಾ ಕಾಳು ಹಾಕುವ ಕೈಯೇ ನಾಳೆಯೂ ಕಾಳು ಹಾಕುತ್ತದೆಂದು ಅದು ನಂಬಿರುತ್ತದೆ. ನಂಬುವುದಕ್ಕೆ ಅದರ ಬಳಿ ಆಯುಷ್ಯ ಪೂರ್ತಿಯ ಪುರಾವೆ ಇದೆ. ಒಂದು ದಿನ ಅದೇ ಕೈ ಕತ್ತು ತಿರುವುತ್ತದೆ. ಹುಡುಗರಿಗೆ ಕಥೆ ಹಿಡಿಸಿತು, ತಾತ್ಪರ್ಯ ಹಿಡಿಸಲಿಲ್ಲ. ಕೋಳಿ ಇರುವುದೇ ಅದಕ್ಕಲ್ಲವೇ ಎಂದರು.

ನಮ್ಮಲ್ಲಿ ಈ ಕಥೆ ತಿರುವುಮುರುವಾಗಿಯೂ ನಡೆದಿದೆ. ಬೀದರ್–ಕಲಬುರಗಿ ರೈಲು ಬರುತ್ತದೆಂದು ಪ್ರತಿ ಚುನಾವಣೆಯಲ್ಲೂ ಕೇಳಿ, ಪ್ರತಿ ಸಲವೂ ಬಾರದ್ದನ್ನು ನೋಡಿ, ಅದು ಬರುವುದೇ ಇಲ್ಲವೆಂದು ನಾವು ಶಾಸ್ತ್ರೋಕ್ತವಾಗಿ ಸಾಮಾನ್ಯೀಕರಿಸಿದ್ದೆವು. ಆಗದ ಕೆಲಸಕ್ಕೆ ‘ರೈಲು ಬಂದ ಮ್ಯಾಲೆ’ ಎನ್ನುವುದು ರೂಢಿಯಾಗಿತ್ತು. 2017ರ ಅಕ್ಟೋಬರ್ 29ರಂದು ಆ ಮಾರ್ಗದ ಉದ್ಘಾಟನೆ ಆಗಿಯೇಬಿಟ್ಟಿತು. ರೈಲು ಬಂದ ಮೇಲೆ ಸಾಲ ತೀರಿಸುತ್ತೇನೆ ಎಂದಿದ್ದವರಿಗೆ ಬಹಳ ಪೇಚಾಯಿತು.

ರೈಲಿನದು ನಗುವ ಮಾತಾಯಿತು. ಇನ್ನೊಂದು ಸಂಗತಿಯಿದೆ, ಅದನ್ನು ಹೇಳುವಾಗ ನಮ್ಮ ಕಡೆ ಯಾರೂ ನಗುವುದಿಲ್ಲ. 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ನಾನು ಬಸವಕಲ್ಯಾಣ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದೆ. ಗಣಪತಿ ಕಳಿಸಿ, ಹಲಗೆ ಬಾರಿಸಿದವರೆಲ್ಲ ದಣಿದು ಮಲಗಿದ್ದರು. ಬೆಳಗಿನ ಜಾವ ನಾಲ್ಕು ಆಗುವ ಮೊದಲು ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಅಲುಗಿತು. ನಮ್ಮ ಮನೆಯ ಅಡ್ಡಣಿಗೆಯ ತಂಬಿಗೆಗಳು ಉರುಳಿದವು, ಹಗೇವಿನ ಹತ್ತಿರ ಕಟ್ಟಿದ ಎತ್ತು ಹಗ್ಗ ಹರಿದುಕೊಂಡಿತು. ಅಲ್ಲಿ ಸುಮಾರು 10,000 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಅವರ ಮನೆಗಳೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಬೇಸಿಗೆಗೆ ತಂಪಿರಲೆಂದು ಮೇಲೆ ಹೇರಿದ ಮಣ್ಣಿನ ಮಾಳಿಗೆ. ಗೋಡೆ ದಪ್ಪಗಿದ್ದಷ್ಟೂ ಭದ್ರ ಎಂಬುದು ತಾತ ಮುತ್ತಾತಂದಿರಿಂದ ಎಲ್ಲರಿಗೂ ಗೊತ್ತಿದ್ದ ವಿಷಯ. ನಮ್ಮ ಮನೆಯೂ ಹಾಗೇ ಇತ್ತು.

ದಖ್ಖನ್ ಪೀಠಭೂಮಿ ಅಲುಗದ ನೆಲ ಎಂದು ನಾವೆಲ್ಲ ಭೂಗೋಳದಲ್ಲಿ ಓದಿದವರು. ಭೂಕಂಪದ ಸರ್ಕಾರಿ ನಕಾಶೆಯಲ್ಲಿ ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ನಿಶ್ಚಿಂತೆಯ ಜಾಗದಲ್ಲಿ. 2002ರಲ್ಲಿ ನಕಾಶೆ ತಿದ್ದಿದವರು 1ನೇ ವಲಯವನ್ನೇ ಕೈಬಿಟ್ಟರು. ಈಗ ಅದು 2ರಿಂದ ಶುರುವಾಗುತ್ತದೆ. ಸಂಶಯವಾದದ ಬಗ್ಗೆ ನಾನು ಓದಿದ ಯಾವ ಗ್ರಂಥವೂ ಆ ತಿದ್ದುಪಡಿಯಷ್ಟು ಚುಟುಕಾಗಿ ಮಾತಾಡಿಲ್ಲ.

ಆ ಮೇಲೆ ಎಷ್ಟೋ ದಿನ ಹಳ್ಳಿಗೆ ಹಳ್ಳಿಯೇ ಕಣದಲ್ಲಿ ಮಲಗಿತು. ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಲೆಯ ಪಕ್ಕ ಬೆಚ್ಚಗೆ ಕೂತು, ತಾನು ಕೂತಿರುವುದೂ ಕನಸಿರಬಹುದೇ ಎಂದು ಯೋಚಿಸುತ್ತಾನೆ. ನಾವು ಕಂಬಳಿ ಹೊದ್ದು ಇಬ್ಬನಿಯಲ್ಲಿ ಅದನ್ನೇ ಯೋಚಿಸಿದೆವು. ‘ಇವತ್ತ ರಾತ್ರಿ ಎರಡಕ್ಕ ಬರ್ತದಂತ’ ಎಂಬ ಸುದ್ದಿ ದಿನಾ ಸಂಜೆ ಬರುತ್ತಿತ್ತು. ಯಾರು ಹೇಳಿದರೆಂದರೆ ಎಲ್ಲರೂ ಎಲ್ಲರನ್ನೂ ತೋರಿಸುತ್ತಿದ್ದರು. ನನ್ನ ಪಕ್ಕದಲ್ಲಿ ಮಲಗುತ್ತಿದ್ದವನು ದೊಡ್ಡಪ್ಪನ ಮಗ ಅಣ್ಣ. ಒಂದು ರಾತ್ರಿ ಅವನು ಚುಕ್ಕಿ ನೋಡುತ್ತ, “ತಮ್ಮಾ, ಈ ನೆಲಾ ಯಾರದೂ ಅಲ್ಲೋ. ಇದಕ್ಕ ಕೇಸ್ ಹಾಕ್ಕೊಂಡು ಏನ್ ಮಾಡಲತ್ತೀವಿ” ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅವನು ಕಲ್ಯಾಣದ ಮೊದಲ ಬಸ್ಸಿಗೆ ಹೋಗಿದ್ದ. ಅವತ್ತು ತಾರೀಖಿತ್ತು.

ಕೇಸು ಆ ನೆಲದ್ದೇ. ನಮ್ಮಿಬ್ಬರ ಅಪ್ಪಂದಿರು ಹೂಡಿದ್ದು. ತಂದೆಯ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಮಿತಾಕ್ಷರ ಹೇಳುತ್ತದೆ. ಹಾಗೆ ಈ ಕೇಸೂ ನಮಗೆ ಹುಟ್ಟಿನಿಂದಲೇ ಬಂತು. ಹುಟ್ಟಿದ ತಾರೀಖು ಮಾತ್ರ ತಕರಾರಿನಲ್ಲಿದೆ. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಕುಳಿತಿದ್ದದ್ದೂ ಇದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126). ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವನ್ನು ದೇಶದ ಕೋರ್ಟುಗಳು ಒಂಬತ್ತು ಶತಮಾನ ಕಳೆದರೂ ಬಿಟ್ಟಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅದರ ಹೆಸರಿದೆ. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೂ ಮಿತಾಕ್ಷರದ ಕುಟುಂಬಕ್ಕೇ. ಅದರಿಂದ ನಮ್ಮ ಕೇಸಿಗೆ ಮೂವರು ಅಕ್ಕಂದಿರು ಹೊಸದಾಗಿ ಬಂದು ಸೇರಿದರು.

ಒಂದು ಸಂಗತಿ ನಿಜವೆಂದು ತಿಳಿಯುವುದು ಹೇಗೆ? ಸ್ಮೃತಿ ಹೇಳುವ ಮಾನವ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ನಮ್ಮಲ್ಲಿ ಮೂರೂ ಇದ್ದವು. ಲಿಖಿತವೆಂದರೆ ನಿಜಾಮರ ಕಾಲದ ಒಂದು ಉರ್ದು ಕಾಗದ. ಅದನ್ನು ಓದಬಲ್ಲ ಮುನ್ಷಿಯೊಬ್ಬರನ್ನು ಹುಡುಕಿ ಕೂಡಿಸಿದೆವು. ಕನ್ನಡಕ ಒರೆಸಿ, ಕಾಗದವನ್ನು ಬಿಸಿಲಿಗೆ ಹಿಡಿದು, ಬೇವಿನ ಗಿಡದಿಂದ ಆಚೆ ಒಬ್ಬನದು, ಈಚೆ ಇನ್ನೊಬ್ಬನದು ಎಂದು ಓದಿ ಹೇಳಿದರು. ಬೇವಿನ ಗಿಡ ಎಂದೋ ಸತ್ತಿತ್ತು. ಅದು ನಾಲೆಯ ಯಾವ ದಂಡೆಗಿತ್ತು ಎಂಬುದರ ಮೇಲೆ ಎರಡೂವರೆ ಎಕರೆ ನಿಂತಿತ್ತು. ಇನ್ನು ಸಾಕ್ಷಿ. ಇಬ್ಬರು ಮುದುಕರು ಬಂದರು. ಒಬ್ಬ ಮೂಡಣ ದಂಡೆ ಎಂದ, ಒಬ್ಬ ಪಡುವಣ ಎಂದ, ಇಬ್ಬರೂ ಆ ಗಿಡದ ಕೆಳಗೆ ಬುತ್ತಿ ಬಿಚ್ಚಿ ಉಂಡವರು. ಭುಕ್ತಿ ಅಣ್ಣನದಾಗಿತ್ತು, ತೊಗರಿ ಬಿತ್ತುತ್ತಿದ್ದವನು ಅವನೇ.

ಇಲ್ಲಿ ವಿಜ್ಞಾನೇಶ್ವರನ ಒಂದು ಸೂಕ್ಷ್ಮವಿದೆ. ಇನ್ನೊಬ್ಬ ನಿನ್ನ ನೆಲವನ್ನು ಇಪ್ಪತ್ತು ವರ್ಷ ಉಂಡರೂ ನೀನು ನೋಡಿಕೊಂಡು ಸುಮ್ಮನಿದ್ದರೆ ನಿನಗೆ ಹಾನಿ ಎನ್ನುತ್ತದೆ ಸ್ಮೃತಿ. ಹಾನಿ ಫಲಕ್ಕೆ ಮಾತ್ರ, ನೆಲದ ಒಡೆತನಕ್ಕಲ್ಲ ಎನ್ನುತ್ತಾನೆ ನಮ್ಮೂರಿನವನು. ಎಷ್ಟು ದಯಾಳುವಾದ ಓದು! ಇದನ್ನು ನಾನು ಉತ್ಸಾಹದಿಂದ ವಕೀಲರಿಗೆ ವಿವರಿಸಿದೆ. ಅವರು ಈಗ ಲಿಮಿಟೇಶನ್ ಆಕ್ಟ್ ಇದೆ, ಅದರಲ್ಲಿ ಹನ್ನೆರಡೇ ವರ್ಷ, ಫೀಸು ತಂದಿದ್ದೀರಾ ಎಂದರು.

ಪ್ರಮಾಣದ ವಿಷಯದಲ್ಲಿ ಇಷ್ಟು ಬಿಗಿಯಾಗಿದ್ದ ಗ್ರಂಥದ ಕೊನೆಗೆ ಒಂದು ಪದ್ಯವಿದೆ. ಕಲ್ಯಾಣಕ್ಕೆ ಸಮನಾದ ಪಟ್ಟಣ ಮೂರು ಕಾಲದಲ್ಲೂ ಇಲ್ಲ ಎಂಬುದು ಅದರ ಸಾರ. ಭವಿಷ್ಯದ ಬಗ್ಗೆ ಆತನಿಗೆ ಯಾವ ಸಾಕ್ಷಿ ಸಿಕ್ಕಿತ್ತೋ. ಅದೇ ಉಸಿರಿನಲ್ಲಿ ವಿಜ್ಞಾನೇಶ್ವರನಿಗೆ ಸಮನಾದ ಪಂಡಿತನಿಲ್ಲ ಎಂದೂ ಬರುತ್ತದೆ. ಅದನ್ನು ನಕಲು ಮಾಡುವವನು ಯಾರೋ ಅಭಿಮಾನದಿಂದ ಸೇರಿಸಿರಬೇಕೆಂದು ಸಂಶಯದ ಲಾಭವನ್ನು ನಾನು ಅವನಿಗೇ ಕೊಟ್ಟಿದ್ದೇನೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಕಲ್ಲಿನ ಹೆಣ್ಣೊಬ್ಬಳು ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದೂ ಅದೇ ವಿಕ್ರಮಾದಿತ್ಯನ ಹೊಗಳಿಕೆ. ಎಷ್ಟು ಚಂದ ನಿಂತಿದ್ದಾಳೆಂದರೆ ಏನು ಬರೆದರೂ ಒಪ್ಪಬೇಕು ಅನಿಸುತ್ತದೆ. ಲಿಖಿತ ಪ್ರಮಾಣಕ್ಕೆ ಇರುವ ಅಪಾಯ ಇದೇ.

ಮಾನವ ಪ್ರಮಾಣಗಳು ಸೋತಾಗ ದಿವ್ಯಗಳುಂಟು: ತಕ್ಕಡಿ, ಬೆಂಕಿ, ನೀರು, ವಿಷ, ದೇವರ ತೀರ್ಥ. ನಮ್ಮ ಅಕ್ಕಂದಿರು ಕೊನೆಯದನ್ನು ಆರಿಸಿ, ಇಬ್ಬರನ್ನೂ ಹುಮನಾಬಾದಿನ ಮಾಣಿಕನಗರಕ್ಕೆ ಎಳೆದುಕೊಂಡು ಹೋದರು. ಮಾಣಿಕಪ್ರಭುಗಳ (1817–1865) ಸನ್ನಿಧಿಯಲ್ಲಿ ಸುಳ್ಳಾಣೆ ಮಾಡುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಅಣ್ಣ ಗಿಡ ಮೂಡಣಕ್ಕಿತ್ತೆಂದು ಆಣೆ ಮಾಡಿದ. ನಾನು ಪಡುವಣಕ್ಕೆಂದು ಮಾಡಿದೆ. ಇಬ್ಬರೂ ನಡುಗುತ್ತಲೇ ಮಾಡಿದೆವು, ಇಬ್ಬರೂ ನಿಜವನ್ನೇ ಹೇಳಿದೆವು, ಇಬ್ಬರಿಗೂ ಇವತ್ತಿನವರೆಗೆ ಏನೂ ಆಗಿಲ್ಲ. ಎಲ್ಲ ಮತಗಳೂ ನಿಜ ಎಂದು ಸಕಲಮತ ಸಿದ್ಧಾಂತ ಹೇಳಿದ ಪ್ರಭುಗಳ ಎದುರಿಗೆ ಹೋಗಿ ನಿಂತ ಮೇಲೆ ಬೇರೆ ತೀರ್ಪು ನಿರೀಕ್ಷಿಸಿದ್ದು ಅಕ್ಕಂದಿರ ಅಮಾಯಕತೆ. ಪ್ರಸಾದ ಉಂಡು ಒಂದೇ ಆಟೋದಲ್ಲಿ ವಾಪಸ್ ಬಂದೆವು.

‘ಖರೇ ಏನ್ರಿ’ ಹುಡುಗನನ್ನು ಬಹಳ ವರ್ಷದ ಮೇಲೆ ಕಲ್ಯಾಣದ ಆಟೋನಗರದಲ್ಲಿ ಕಂಡೆ. ಈಗ ಲಾರಿ ಬಾಡಿ ಕಟ್ಟುವ ಮೇಸ್ತ್ರಿ, ಕೈ ಕೆಳಗೆ ಹತ್ತಾರು ಜನ. ಹೈವೇ ಮೇಲೆ ಬರೀ ಚಾಸಿಗಳು ಬರುವುದನ್ನು ನೀವೂ ನೋಡಿರುತ್ತೀರಿ. ಕ್ಯಾಬಿನ್ನಿಲ್ಲ, ಬಾಗಿಲಿಲ್ಲ, ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹಲಗೆಯ ಮೇಲೆ ಕೂತಿರುತ್ತಾನೆ. ಅಂಥವು ಇಲ್ಲಿ ಬಂದು ಲಾರಿಗಳಾಗುತ್ತವೆ. ನನಗೆ ಸ್ಟೂಲ್ ಹಾಕಿ, ಚಹಾ ತರಿಸಿ, ಅವನು ಶುರು ಮಾಡಿದ: “ಸರ್, ಎಂಜಿನ್ ಲಾರಿ ಏನ್ರಿ? ಅಲ್ಲ. ಗಾಲಿ? ಅಲ್ಲ. ನಾ ಕಟ್ಟೋ ಬಾಡಿ? ಅದೂ ಅಲ್ಲ. ಮತ್ತ ಲಾರಿ ಅಂಬೋದು ಯಾವಾಗ ಬರ್ತದ, ಎಲ್ಲಿಂದ ಬರ್ತದ?” ನನ್ನ ಕೈಯ ಕಪ್ಪು ಅಲ್ಲೇ ನಿಂತಿತು. ಎರಡು ಸಾವಿರ ವರ್ಷದ ಹಿಂದಿನ ‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಯವನ ರಾಜನಿಗೆ ರಥದ ಬಗ್ಗೆ ಕೇಳಿದ್ದು ಇದನ್ನೇ. ಇವನು ನಾಗಸೇನನ ಹೆಸರು ಕೇಳಿದವನಲ್ಲ, ಆ ಪಾಠ ಸಿಲೆಬಸ್ಸಿನಲ್ಲಿ ಇರಲಿಲ್ಲ. “ಮತ್ತೆ ನೀನೇನು ಉತ್ತರ ಕಂಡುಕೊಂಡೆ?” ಎಂದೆ. “ಆರ್‌ಟಿಓ ಸಾಹೇಬ್ರು ಸಹಿ ಮಾಡಿದಾಗ ಬರ್ತದ್ರಿ” ಎಂದ.

ಸಂಜೆ ಅವನ ಬೈಕಿನಲ್ಲೇ ತ್ರಿಪುರಾಂತ ಕೆರೆಯ ಕಡೆ ಹೋದೆವು. ಹೊಸ ಅನುಭವ ಮಂಟಪ ಎದ್ದು ನಿಲ್ಲುತ್ತಿತ್ತು. 2021ರ ಜನವರಿ 6ರಂದು ಅದಕ್ಕೆ ಅಡಿಗಲ್ಲು ಇಟ್ಟರು. ಏಳೂವರೆ ಎಕರೆ, 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ. ಕ್ರೇನು, ಸರಳು, ಸಿಮೆಂಟಿನ ಧೂಳು. ಕಂಬಗಳನ್ನು ನೋಡುತ್ತ ಅವನು ಕೇಳಿದ: “ಅಲ್ಲಮ ಬಂದ್ರ ಯಾವ ಕಂಬಕ್ಕ ಆತು ಕುಂದರ್ತಾನ್ರಿ ಸರ್?”

ಆ ಮನುಷ್ಯ ಯಾವುದಕ್ಕೂ ಆತು ಕೂರುವವನಲ್ಲ ಎಂಬುದೇ ಶೂನ್ಯಸಂಪಾದನೆ ಓದಿದವರಿಗೆ ಸಿಗುವ ಚಿತ್ರ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕಿ ಒಡ್ಡರಿಂದ ಕಲ್ಲೇಟು ತಿನ್ನುತ್ತಾನೆ. ಗೋರಕ್ಷನ ವಜ್ರದೇಹಕ್ಕೆ ಕತ್ತಿ ಬಡಿದರೆ ಖಣಿಲೆನ್ನುತ್ತದೆ; ಅದೇ ಕತ್ತಿ ಅಲ್ಲಮನಲ್ಲಿ ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತದೆ. ಬಸವಣ್ಣನ ಮನೆಯಲ್ಲಿ ಅವನಿಗೆ ಸಿಕ್ಕ ಪೀಠದ ಹೆಸರೇ ಶೂನ್ಯ ಸಿಂಹಾಸನ. ಆ ಶತಮಾನದಲ್ಲೇ ಕನೌಜಿನಲ್ಲಿ ಶ್ರೀಹರ್ಷ ‘ಖಂಡನಖಂಡಖಾದ್ಯ’ ಬರೆದು ನೈಯಾಯಿಕರ ಪ್ರಮಾಣಗಳನ್ನು ಒಂದೊಂದಾಗಿ ಕೆಡವಿದ. ಅದು ಪಂಡಿತರು ಪಂಡಿತರಿಗಾಗಿ ಸಂಸ್ಕೃತದಲ್ಲಿ ಮಾಡಿದ ಜಗಳ. ಇಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಉಡುತಡಿಯಿಂದ ಬಂದ ಮಹಾದೇವಿ ಕೂತು ಕೇಳಿದರು, ಉತ್ತರ ಕೊಟ್ಟರು, ಉತ್ತರಕ್ಕೆ ಮತ್ತೆ ಪ್ರಶ್ನೆ ಹಾಕಿಸಿಕೊಂಡರು.

“ಇಲ್ಲೇ ಕುಂತಿದ್ರಂಬೋದು ಖರೇ ಏನ್ರಿ ಸರ್?”

ಮೊದಲ ಶೂನ್ಯಸಂಪಾದನೆ ಸಂಕಲನವಾದದ್ದು 15ನೇ ಶತಮಾನದಲ್ಲಿ, ಅಂದರೆ ಕಲ್ಯಾಣದ ಇನ್ನೂರು ಚಿಲ್ಲರೆ ವರ್ಷದ ಮೇಲೆ. ಬಸವಣ್ಣನ ಹೆಸರಿರುವ ಅರ್ಜುನವಾಡದ ಶಾಸನ 1260ರದು. ಮಂಟಪ ಎಲ್ಲಿತ್ತು, ಕಟ್ಟಡವೇ ಇತ್ತೋ ಅಥವಾ ಕೂಟಕ್ಕೇ ಆ ಹೆಸರೋ ಎಂಬುದರಲ್ಲಿ ವಿದ್ವಾಂಸರು ಇನ್ನೂ ಜಗಳ ಮುಗಿಸಿಲ್ಲ. ಇದನ್ನೆಲ್ಲ ಹೇಳಿ, “ಕೂತಿದ್ದರು ಅನ್ನೋದಕ್ಕೆ ವಚನಗಳೇ ಸಾಕ್ಷಿ, ಎಲ್ಲಿ ಅನ್ನೋದು ಕೇಳಬೇಡ” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಮೆತ್ತಗೆ ಇನ್ನೊಂದು ಕೇಳಿದ. “ಸರ್, ತಪ್ಪ್ ತಿಳೀಬ್ಯಾಡ್ರಿ. ಇಷ್ಟ್ ವರ್ಷ ಇದೇ ಕಲಿಸಿದ್ರಿ. ಏನ್ ಫಾಯ್ದಾ ಆಯ್ತ್ರಿ?”

ರಸೆಲ್ ತನ್ನ ಪುಸ್ತಕದ ಕೊನೆಯ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿದ್ದಾನೆ. ತತ್ತ್ವಶಾಸ್ತ್ರದ ಬೆಲೆ ಇರುವುದು ಅದರ ಅನಿಶ್ಚಯದಲ್ಲೇ ಎಂದು ಅವನ ವಾದ. ಕ್ಲಾಸಿನಲ್ಲಿ ಅದನ್ನು ಚೆನ್ನಾಗಿ ಹೇಳುತ್ತಿದ್ದೆ. ಕೆರೆಯ ದಂಡೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅಣ್ಣನ ಬೇಳೆಯ ವಿಷಯ ಹೇಳಿದೆ. ಪ್ರತಿ ಸಂಕ್ರಾಂತಿಗೆ ತಕರಾರಿನ ಹೊಲದ ತೊಗರಿ ಒಡೆಸಿ ಅವನು ನಮ್ಮ ಮನೆಗೆ ಒಂದು ಚೀಲ ಬೇಳೆ ಕಳಿಸುತ್ತಾನೆ. ಆಣೆಯ ಮರುವರ್ಷದಿಂದ ಶುರುವಾದದ್ದು. ವಕೀಲರು ತೆಗೆದುಕೊಳ್ಳಬೇಡಿ, ಒಪ್ಪಿಕೊಂಡಂತಾಗುತ್ತದೆ ಎಂದಿದ್ದರು. ಗಿಡ ಪಡುವಣಕ್ಕಿತ್ತೆಂದು ನನಗೆ ನೂರಕ್ಕೆ ನೂರು ಗೊತ್ತಿದ್ದ ಕಾಲದಲ್ಲಾದರೆ ಖಂಡಿತ ವಾಪಸ್ ಕಳಿಸುತ್ತಿದ್ದೆ. ತೊಂಬತ್ತಕ್ಕೆ ಇಳಿದ ಮೇಲೆ ಆ ಬೇಳೆ ನನ್ನ ಮನೆಯಲ್ಲಿ ಕುದಿಯತೊಡಗಿತು. “ಬೇಳಿ ಚೊಲೋ ಇರ್ತದೇನ್ರಿ?” ಎಂದು ಮೇಸ್ತ್ರಿ ಕೇಳಿದ. ಚೊಲೋ ಇರುತ್ತದೆ.

ಈ ಸಲ ಬೇಳೆ ಬರಲಿಲ್ಲ. ಕಲ್ಯಾಣಕ್ಕೆ ಹೋಗಿ ಅಣ್ಣನನ್ನು ನೋಡಿದೆ. ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದ. ಗುರುತು ಹಿಡಿದ, ಹೆಸರು ಮಾತ್ರ ನನ್ನ ಅಪ್ಪನದನ್ನು ಕರೆದ. ಮಗ ಫೈಲು ತಂದು ಮುಂದಿಟ್ಟು ರಾಜಿಯ ಮಾತು ತೆಗೆದ. ಅಣ್ಣ ಫೈಲನ್ನು ತಿರುವಿ, ಉರ್ದು ಕಾಗದದ ಮೇಲೆ ಬೆರಳಾಡಿಸಿ, ನನ್ನ ಕಡೆ ಬಗ್ಗಿ, ಗುಟ್ಟು ಕೇಳುವವನ ದನಿಯಲ್ಲಿ ಕೇಳಿದ: “ತಮ್ಮಾ, ಆ ಬೇವಿನ ಗಿಡ ಯಾವ ದಂಡಿಗಿತ್ತೋ?”

ಮುದುಕರಿಬ್ಬರೂ ಸತ್ತಿದ್ದಾರೆ. ಮುನ್ಷಿಯೂ ಇಲ್ಲ. ನಾನು ಹೇಳಿದ್ದನ್ನು ಅವನು ನಂಬುತ್ತಿದ್ದ. ಅವನ ಮಗ ಬರೆದುಕೊಳ್ಳುತ್ತಿದ್ದ. ನಾನು ಕಣ್ಣು ಮುಚ್ಚಿ ಗಿಡ ಹುಡುಕಿದೆ. ನೆರಳು ಸಿಕ್ಕಿತು, ಚೆದುರಿದ ಬೇವಿನ ಹಣ್ಣು ಸಿಕ್ಕಿತು, ಅವನು ನನ್ನನ್ನು ಹೆಗಲ ಮೇಲೆ ಹೊತ್ತು ನಾಲೆ ದಾಟಿಸಿದ್ದು ಸಿಕ್ಕಿತು. ಯಾವ ದಂಡೆಯಿಂದ ಯಾವ ದಂಡೆಗೆ ದಾಟಿಸಿದ್ದನೋ ಅದು ಸಿಗಲಿಲ್ಲ. “ನಡಬರಕ ಇತ್ತು ಅನ್ನು, ನಾಲಾದಾಗ” ಎಂದೆ. ಅವನು ಬಹಳ ಖುಷಿಯಿಂದ ತಲೆ ಹಾಕಿದ. ಮಗ ಪೆನ್ನು ಮುಚ್ಚಿ ನನ್ನನ್ನು ದುರುಗುಟ್ಟಿ ನೋಡಿದ.

ಹೊತ್ತು ಮುಳುಗುವಾಗ ಸಸ್ತಾಪುರ ಬಂಗ್ಲಾ ಕ್ರಾಸಿಗೆ ಬಂದು ನಿಂತೆ. ಬಸ್ಸು ಬಂತು, ಬೋರ್ಡು ಭಾಲ್ಕಿಯದು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಹುಮನಾಬಾದ್, ಹುಮನಾಬಾದ್ ಎಂದು ಕೂಗುತ್ತಿದ್ದ. ಜನ ಅನುಮಾನಿಸಿದರು. ಪ್ರತ್ಯಕ್ಷ ಒಂದು ಹೇಳುತ್ತಿದೆ, ಆಪ್ತವಾಕ್ಯ ಇನ್ನೊಂದು. ನನಗೆ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನೆನಪಾದರು. ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ನಮ್ಮ ಜಿಲ್ಲೆಯಲ್ಲಿ ಬೋರ್ಡು ನಂಬಬಾರದು ಎಂಬುದಕ್ಕೆ ಇಷ್ಟು ಪೂಜ್ಯವಾದ ಆಧಾರ ಇರುವಾಗ ನಾನು ಹತ್ತಿಬಿಟ್ಟೆ. ನನ್ನ ಹಿಂದೆ ಇನ್ನೂ ನಾಲ್ಕು ಮಂದಿ ಹತ್ತಿದರು. ಮಾಸ್ತರರು ಹತ್ತಿದ್ದಾರೆಂದರೆ ಹುಮನಾಬಾದಿನದೇ ಇರಬೇಕು ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, “ಹುಮನಾಬಾದ್ ಹೋಗ್ತದೇನ್ರಿ ಇದು, ಪಕ್ಕಾ?” ಎಂದು ಕೇಳಿದಳು. ಡ್ರೈವರನ್ನು ಕೇಳು ಎಂದೆ. ಡ್ರೈವರು ಕಂಡಕ್ಟರನ್ನು ಕೇಳು ಎಂದ.